ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ತೆರಳುವವರಿಗೆ ವೀಸಾ ನಿಯಮಗಳು: ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಉಡುಪಿ ಜಿಲ್ಲೆಯ ಉತ್ತರ ಭಾಗದ ಕುಂದಾಪುರ, ಬೈಂದೂರು ಹಾಗೂ ಬ್ರಹ್ಮಾವರ ತಾಲ್ಲೂಕುಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ತೆರಳುವವರ ಸಂಖ್ಯೆ ಗಣನೀಯವಾಗಿರುತ್ತದೆ. ಹಿಂದೆ ಈ ಭಾಗದ ಜನರು ಮುಂಬಯಿಗೆ ಹೋಗಿ ಅಲ್ಲಿಂದ ವಿಮಾನ ಏರಬೇಕಾಗಿತ್ತು. 2006ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಸಂಚಾರ ಆರಂಭವಾದ ಮೇಲೆ ಪ್ರಯಾಣ ಸುಲಭವಾಗಿದೆ. ಆದರೆ ಪ್ರಯಾಣ ಸುಲಭವಾದಷ್ಟು ನಿಯಮಗಳು ಸುಲಭವಾಗಿಲ್ಲ. ವೀಸಾದ ವಿಧವನ್ನು ಅರಿಯದೆ, ಮಧ್ಯವರ್ತಿಗಳ ಮಾತನ್ನು ನಂಬಿ ಹೊರಟವರು ಹಣವನ್ನೂ, ಕೆಲವು ಸಂದರ್ಭಗಳಲ್ಲಿ ಊರಿಗೆ ಮರಳುವ ದಾರಿಯನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ.

ಆದುದರಿಂದ ಸಂಯುಕ್ತ ಅರಬ್ ಎಮಿರೇಟ್ಸ್‌ಗೆ (ಇನ್ನು ಮುಂದೆ "ಯು.ಎ.ಇ." ಎಂದು ಕರೆಯಲಾಗುವುದು) ಸಂದರ್ಶಕರಾಗಿ ಅಥವಾ ಉದ್ಯೋಗಕ್ಕಾಗಿ ತೆರಳಲು ಇಚ್ಛಿಸುವ ಸಾರ್ವಜನಿಕರು ತಿಳಿದಿರಬೇಕಾದ ಮುಖ್ಯ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ. ಸಾರ್ವಜನಿಕರು ಇದನ್ನು ಪೂರ್ಣವಾಗಿ ಓದಿ, ಹಣ ಪಾವತಿಸುವ ಮುನ್ನವೇ ತಮ್ಮ ಪ್ರಯಾಣದ ಉದ್ದೇಶಕ್ಕೆ ಯಾವ ವೀಸಾ ಅಗತ್ಯವೆಂಬುದನ್ನು ನಿರ್ಧರಿಸಿಕೊಳ್ಳಬೇಕಾಗಿ ಕೋರಲಾಗಿದೆ.

2. ಯು.ಎ.ಇ. ಮತ್ತು ಅಲ್ಲಿನ ವೀಸಾ ಪ್ರಾಧಿಕಾರಗಳು

ಯು.ಎ.ಇ. ಎಂಬುದು 1971ರಲ್ಲಿ ರಚನೆಯಾದ ಒಕ್ಕೂಟ. ಅಬುಧಾಬಿ, ದುಬೈ, ಶಾರ್ಜಾ, ಅಜ್ಮಾನ್, ಉಮ್ಮ್ ಅಲ್ ಕುವೈನ್, ರಾಸ್ ಅಲ್ ಖೈಮಾ ಮತ್ತು ಫುಜೈರಾ ಎಂಬ ಏಳು ಎಮಿರೇಟ್‌ಗಳು ಇದರಲ್ಲಿ ಸೇರಿವೆ. ದುಬೈನ ವೀಸಾಗಳನ್ನು ಅಲ್ಲಿನ ವಾಸ್ತವ್ಯ ಮತ್ತು ವಿದೇಶೀಯರ ವ್ಯವಹಾರಗಳ ನಿರ್ದೇಶನಾಲಯವು ನೀಡುತ್ತದೆ. ಉಳಿದ ಎಮಿರೇಟ್‌ಗಳ ವೀಸಾಗಳನ್ನು ಒಕ್ಕೂಟದ ಗುರುತು ಮತ್ತು ಪೌರತ್ವ ಪ್ರಾಧಿಕಾರವು ನೀಡುತ್ತದೆ. ಉದ್ಯೋಗ ಪರವಾನಗಿಯನ್ನು ನೀಡುವ ಅಧಿಕಾರ ಸಾಮಾನ್ಯವಾಗಿ ಅಲ್ಲಿನ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ಇರುತ್ತದೆ.

ಭಾರತದ ಯಾವುದೇ ಸರ್ಕಾರಿ ಕಚೇರಿಯು ಯು.ಎ.ಇ. ವೀಸಾ ನೀಡುವುದಿಲ್ಲ ಎಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಅಲ್ಲದೆ, ಯು.ಎ.ಇ. ವೀಸಾ ಹೊಂದಿದ ಮಾತ್ರಕ್ಕೆ ಕುವೈತ್, ಸೌದಿ ಅರೇಬಿಯಾ, ಖತರ್, ಬಹರೈನ್ ಅಥವಾ ಒಮಾನ್ ದೇಶಗಳನ್ನು ಪ್ರವೇಶಿಸುವ ಹಕ್ಕು ದೊರೆಯುವುದಿಲ್ಲ. ಆಯಾ ದೇಶದ ನಿಯಮಗಳು ಪ್ರತ್ಯೇಕವಾಗಿರುತ್ತವೆ.

3. ವೀಸಾದ ವಿಧಗಳು

ಈ ಭಾಗದ ಅರ್ಜಿದಾರರಿಗೆ ಸಂಬಂಧಿಸಿದ ವೀಸಾಗಳು ಮುಖ್ಯವಾಗಿ ಈ ಕೆಳಕಂಡಂತಿವೆ:

ಅ) ಪ್ರವಾಸಿ ಅಥವಾ ಸಂದರ್ಶನ ವೀಸಾ: ಸಾಮಾನ್ಯವಾಗಿ 30 ಅಥವಾ 60 ದಿನಗಳ ಅವಧಿಗೆ, ಒಂದು ಬಾರಿಯ ಅಥವಾ ಹಲವು ಬಾರಿಯ ಪ್ರವೇಶಕ್ಕೆ ನೀಡಲಾಗುತ್ತದೆ. ಜನರ ಆಡುಮಾತಿನಲ್ಲಿ ಇದನ್ನೇ "ವಿಸಿಟ್ ವೀಸಾ" ಎನ್ನುವರು.

ಆ) ಸಾರಿಗೆ ವೀಸಾ: ಬೇರೆ ದೇಶಕ್ಕೆ ಹೋಗುವ ಮಾರ್ಗದಲ್ಲಿ ಅಲ್ಲಿ ಇಳಿದು ಹೊರಬರಲು 48 ಗಂಟೆ ಅಥವಾ 96 ಗಂಟೆಗಳ ಅವಧಿಗೆ, ವಿಮಾನಯಾನ ಸಂಸ್ಥೆಯ ಮೂಲಕ ಪಡೆಯಬಹುದು.

ಇ) ಉದ್ಯೋಗ ಪ್ರವೇಶ ಪರವಾನಗಿ: ಉದ್ಯೋಗದಾತರು ಉದ್ಯೋಗ ಪರವಾನಗಿ ಪಡೆದ ನಂತರ ಅಭ್ಯರ್ಥಿಯ ಹೆಸರಿನಲ್ಲಿ ಹೊರಡಿಸಲ್ಪಡುತ್ತದೆ. ಇದು ಮುಂದೆ ವಾಸ್ತವ್ಯ ವೀಸಾ ಆಗಿ ಪರಿವರ್ತನೆ ಹೊಂದುತ್ತದೆ.

ಈ) ಕುಟುಂಬ ವಾಸ್ತವ್ಯ ವೀಸಾ: ಅಲ್ಲಿ ವಾಸ್ತವ್ಯ ವೀಸಾ ಹೊಂದಿ ನಿಗದಿತ ವೇತನ ಪಡೆಯುವವರು ತಮ್ಮ ಪತ್ನಿ ಅಥವಾ ಪತಿ ಮತ್ತು ಮಕ್ಕಳನ್ನು ಕರೆಸಿಕೊಳ್ಳಲು ಪಡೆಯುವಂಥದ್ದು.

ಉ) ಉದ್ಯೋಗ ಅನ್ವೇಷಣೆ ವೀಸಾ: 2022ರಲ್ಲಿ ಜಾರಿಗೆ ಬಂದದ್ದು. ಇದು ಉನ್ನತ ಕೌಶಲ ದರ್ಜೆಯ ವೃತ್ತಿಪರರಿಗೆ ಹಾಗೂ ಆಯ್ದ ಉನ್ನತ ವಿಶ್ವವಿದ್ಯಾಲಯಗಳ ಪದವೀಧರರಿಗೆ ಮಾತ್ರ ಅನ್ವಯವಾಗುತ್ತದೆ. ಹೋಟೆಲ್, ಅಂಗಡಿ, ಚಾಲನೆ, ಕಟ್ಟಡ ಕೆಲಸ ಮುಂತಾದವುಗಳನ್ನು ಹುಡುಕುವವರಿಗೆ ಇದು ದೊರೆಯುವುದಿಲ್ಲ.

4. ಸಂದರ್ಶನ ವೀಸಾ ಪಡೆಯುವ ಕ್ರಮ

ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಹೊಂದಿರುವವರು ವೀಸಾವನ್ನು ಪ್ರಯಾಣಕ್ಕೆ ಮೊದಲೇ ಪಡೆದಿರತಕ್ಕದ್ದು. ಅಮೆರಿಕ, ಬ್ರಿಟನ್, ಐರೋಪ್ಯ ಒಕ್ಕೂಟ ಮುಂತಾದ ಕೆಲವು ದೇಶಗಳ ಊರ್ಜಿತ ವೀಸಾ ಅಥವಾ ವಾಸ್ತವ್ಯ ಪರವಾನಗಿ ಹೊಂದಿರುವ ಭಾರತೀಯರಿಗೆ ಮಾತ್ರ ಶುಲ್ಕ ಪಾವತಿಯ ಮೇಲೆ 14 ದಿನಗಳ ಆಗಮನ ವೀಸಾ ಸೌಲಭ್ಯವಿರುತ್ತದೆ. ಇತರರಿಗೆ "ಅಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ" ಎಂದು ಯಾರಾದರೂ ಹೇಳಿದಲ್ಲಿ ಅದು ಸರಿಯಾದ ಮಾಹಿತಿಯಲ್ಲ.

ಸಂದರ್ಶನ ವೀಸಾವನ್ನು ಅಲ್ಲಿನ ವಿಮಾನಯಾನ ಸಂಸ್ಥೆಗಳು, ಪ್ರವಾಸ ಸಂಸ್ಥೆಗಳು, ಹೋಟೆಲುಗಳು ಅಥವಾ ಅಲ್ಲಿ ವಾಸಿಸುವ ಬಂಧುಗಳ ಮೂಲಕ ಪಡೆಯಬಹುದಾಗಿದೆ. ಹೀಗೆ ವೀಸಾ ಪಡೆದುಕೊಡುವವರನ್ನು ಪ್ರಾಯೋಜಕರು ಎನ್ನಲಾಗುತ್ತದೆ. ಬಂಧುಗಳು ಪ್ರಾಯೋಜಕರಾಗುವ ಸಂದರ್ಭದಲ್ಲಿ ಅವರ ಮಾಸಿಕ ಆದಾಯಕ್ಕೆ ಕನಿಷ್ಠ ಮಿತಿ ಇರುತ್ತದೆ. ತಂದೆ, ತಾಯಿ, ಮಕ್ಕಳಂಥ ಹತ್ತಿರದ ಬಂಧುಗಳಿಗೆ ಮಿತಿ ಕಡಿಮೆ, ದೂರದ ಬಂಧುಗಳಿಗೆ ಹಾಗೂ ಸ್ನೇಹಿತರಿಗೆ ಮಿತಿ ಹೆಚ್ಚು.

ಅರ್ಜಿಯೊಡನೆ ಸಾಮಾನ್ಯವಾಗಿ ಕೇಳಲಾಗುವ ದಾಖಲೆಗಳು:

1) ಪ್ರಯಾಣದ ದಿನಾಂಕದಿಂದ ಕನಿಷ್ಠ 6 ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಸ್ಪಷ್ಟ ಪ್ರತಿ
2) ಬಿಳಿ ಹಿನ್ನೆಲೆಯ ಇತ್ತೀಚಿನ ಭಾವಚಿತ್ರ
3) ಹೋಗಿ ಬರುವ ವಿಮಾನ ಟಿಕೆಟ್
4) ಹೋಟೆಲ್ ಕಾಯ್ದಿರಿಸಿದ ದಾಖಲೆ ಅಥವಾ ಬಂಧುಗಳ ಮನೆಯ ವಿಳಾಸ ಮತ್ತು ಅವರ ಗುರುತಿನ ದಾಖಲೆಯ ಪ್ರತಿ
5) ವಾಸ್ತವ್ಯದ ವೆಚ್ಚಕ್ಕೆ ಸಾಕಷ್ಟು ಹಣವಿದೆ ಎಂಬುದಕ್ಕೆ ಪುರಾವೆ

ವೀಸಾ ದೊರೆತ ಮಾತ್ರಕ್ಕೆ ಪ್ರವೇಶ ಖಚಿತವಾದಂತೆ ಅಲ್ಲ. ವಿಮಾನ ನಿಲ್ದಾಣದ ಅಧಿಕಾರಿಗಳು ಮೇಲ್ಕಂಡ 3, 4 ಮತ್ತು 5ನೇ ದಾಖಲೆಗಳನ್ನು ಪುನಃ ಕೇಳಬಹುದು. ಹಾಜರುಪಡಿಸಲು ಸಾಧ್ಯವಾಗದಿದ್ದಲ್ಲಿ ಮಂಗಳೂರಿನಲ್ಲಿಯೇ ವಿಮಾನ ಏರಲು ನಿರಾಕರಿಸಬಹುದು ಅಥವಾ ಅಲ್ಲಿಂದ ಮರಳಿ ಕಳುಹಿಸಬಹುದು.

5. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರ ವಿಶೇಷ ಗಮನಕ್ಕೆ

2022ರ ನವೆಂಬರ್ 21ರಿಂದ ಜಾರಿಗೆ ಬಂದ ನಿಯಮದನ್ವಯ, ಪಾಸ್‌ಪೋರ್ಟಿನಲ್ಲಿ ಕೇವಲ ಒಂದೇ ಪದದ ಹೆಸರಿದ್ದು, ಉಪನಾಮದ ಅಥವಾ ಹೆಸರಿನ ಅಂಕಣ ಖಾಲಿ ಇರುವ ಸಂದರ್ಶಕರಿಗೆ ಯು.ಎ.ಇ. ಪ್ರವೇಶ ನಿರಾಕರಿಸಲಾಗುತ್ತದೆ. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಹೆಸರು ಅಥವಾ ಕುಟುಂಬದ ಹೆಸರು ನಮೂದಾಗಿದ್ದಲ್ಲಿ ಅದನ್ನು ಪರಿಗಣಿಸಬಹುದೆಂದು ನಂತರ ಸ್ಪಷ್ಟೀಕರಣ ನೀಡಲಾಗಿದೆ.

ಈ ನಿಯಮವು ನಮ್ಮ ಭಾಗದವರಿಗೆ ಮಹತ್ವದ್ದಾಗಿದೆ. ಶಾಲೆಯ ದಾಖಲೆಗಳಲ್ಲಿ ಹೆಸರಿನ ಹಿಂದೆ ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮಾತ್ರ ಬರೆಯುವ ರೂಢಿ ಇಲ್ಲಿ ಇದೆ. ಶೆಟ್ಟಿ, ಪೂಜಾರಿ, ಖಾರ್ವಿ, ದೇವಾಡಿಗ ಮುಂತಾದ ಉಪನಾಮಗಳು ಕೆಲವರ ದಾಖಲೆಗಳಲ್ಲಿ ಇರುತ್ತವೆ, ಕೆಲವರ ದಾಖಲೆಗಳಲ್ಲಿ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಮೊದಲಕ್ಷರಗಳಿಗೆ ಅವಕಾಶವಿರುವುದಿಲ್ಲ, ವಿಸ್ತರಿಸಿ ಬರೆಯಬೇಕಾಗುತ್ತದೆ. ಇದನ್ನು ತಿಳಿಯದೆ ಮೊದಲಕ್ಷರವನ್ನು ಬಿಟ್ಟು ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದವರಿಗೆ ಸಮಸ್ಯೆ ಉಂಟಾಗುತ್ತದೆ.

ಅಂಥವರು ಟಿಕೆಟ್ ಖರೀದಿಸುವ ಮೊದಲೇ ಪಾಸ್‌ಪೋರ್ಟಿನ ಮರುವಿತರಣೆಗೆ ಅರ್ಜಿ ಸಲ್ಲಿಸಿ ಉಪನಾಮವನ್ನು ಸೇರಿಸಿಕೊಳ್ಳುವುದು ಸೂಕ್ತ. ಮನೆಯಲ್ಲಿ ಮಗನೋ ಮಗಳೋ ಅಲ್ಲಿ ಉದ್ಯೋಗದಲ್ಲಿದ್ದು, ವಯಸ್ಸಾದ ತಂದೆ ತಾಯಿಯರು ನೋಡಲು ಹೊರಟಾಗ ಈ ಅಂಶವು ಹೆಚ್ಚಾಗಿ ಗಮನದಿಂದ ತಪ್ಪಿಹೋಗುತ್ತದೆ. ಆದ್ದರಿಂದ ಹಿರಿಯರ ಪಾಸ್‌ಪೋರ್ಟುಗಳನ್ನು ಮೊದಲು ಪರಿಶೀಲಿಸತಕ್ಕದ್ದು.

6. ಪಾಸ್‌ಪೋರ್ಟಿಗೆ ಅರ್ಜಿ

ಮೂರೂ ತಾಲ್ಲೂಕುಗಳು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಒಳಪಟ್ಟಿವೆ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಭರ್ತಿ ಮಾಡಿ, ಶುಲ್ಕ ಪಾವತಿಸಿ, ಜಿಲ್ಲೆಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅಥವಾ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹಾಜರಾಗಲು ದಿನ ಗೊತ್ತುಪಡಿಸಿಕೊಳ್ಳಬಹುದು. ವಯಸ್ಕರ 36 ಪುಟಗಳ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ ರೂ. 1,500 ಆಗಿರುತ್ತದೆ. ತತ್ಕಾಲ್ ಯೋಜನೆಯಲ್ಲಿ ಹೆಚ್ಚುವರಿಯಾಗಿ ರೂ. 2,000 ಪಾವತಿಸಬೇಕಾಗುತ್ತದೆ. ಪೊಲೀಸ್ ಪರಿಶೀಲನೆಯು ಅರ್ಜಿದಾರರ ಈಗಿನ ವಾಸಸ್ಥಳದ ಠಾಣೆಯಿಂದ ನಡೆಯುವುದರಿಂದ, ಬೆಂಗಳೂರು ಅಥವಾ ಮುಂಬಯಿಯಲ್ಲಿ ಕೆಲಸದಲ್ಲಿರುವವರು ಊರಿನ ವಿಳಾಸ ನೀಡಿ ಪರಿಶೀಲನೆಯ ವೇಳೆ ಇಲ್ಲದಿದ್ದಲ್ಲಿ ಪ್ರತಿಕೂಲ ವರದಿ ಹೋಗುವ ಸಾಧ್ಯತೆ ಇರುತ್ತದೆ.

7. ವೀಸಾ ಅವಧಿ ಮೀರಿದಲ್ಲಿ ದಂಡ

ವೀಸಾದ ದಿನಗಳನ್ನು ಪ್ರವೇಶಿಸಿದ ದಿನಾಂಕದಿಂದ ಎಣಿಸಲಾಗುತ್ತದೆ. 30 ದಿನಗಳ ವೀಸಾವನ್ನು "ಒಂದು ತಿಂಗಳು" ಎಂದು ಭಾವಿಸಿ 31 ದಿನಗಳ ತಿಂಗಳಲ್ಲಿ ಲೆಕ್ಕ ತಪ್ಪಬಾರದು. ಹಿಂದೆ ಸಂದರ್ಶಕರಿಗೆ ನೀಡಲಾಗುತ್ತಿದ್ದ 10 ದಿನಗಳ ರಿಯಾಯಿತಿ ಅವಧಿಯನ್ನು ಆಧರಿಸಿ ವಾಪಸು ಟಿಕೆಟ್ ಮಾಡಿಸಬಾರದು. ಅವಧಿ ವಿಸ್ತರಣೆ ಬೇಕಿದ್ದಲ್ಲಿ ವೀಸಾ ಮುಗಿಯುವ ಮೊದಲೇ ಪ್ರಾಯೋಜಕರ ಮೂಲಕ ಅರ್ಜಿ ಸಲ್ಲಿಸತಕ್ಕದ್ದು.

2022ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಪರಿಷ್ಕೃತ ದರದಂತೆ ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್ ದಂಡ ವಿಧಿಸಲಾಗುತ್ತದೆ. ಉದಾಹರಣೆಗೆ, ಒಬ್ಬರು 90 ದಿನ ಹೆಚ್ಚು ಉಳಿದರೆ ದಂಡದ ಮೊತ್ತ 4,500 ದಿರ್ಹಮ್ ಆಗುತ್ತದೆ. ದಿರ್ಹಮ್ ಒಂದಕ್ಕೆ ರೂ. 24ರಂತೆ ಲೆಕ್ಕ ಹಾಕಿದರೆ ಇದು ರೂ. 1,08,000. ಈ ದಂಡವನ್ನು ಪಾವತಿಸದೆ ದೇಶದಿಂದ ಹೊರಬರಲು ಸಾಧ್ಯವಿಲ್ಲ. ಅಲ್ಲದೆ, ಪ್ರಾಯೋಜಕರು "ಪರಾರಿ" ಎಂದು ದೂರು ದಾಖಲಿಸಿದಲ್ಲಿ ಮರುಪ್ರವೇಶಕ್ಕೆ ನಿಷೇಧ ಉಂಟಾಗಬಹುದು.

ಯು.ಎ.ಇ. ಸರ್ಕಾರವು 1996, 2003, 2007, 2013 ಮತ್ತು 2018ರಲ್ಲಿ, ಹಾಗೂ 2024ರ ಸೆಪ್ಟೆಂಬರ್ 1ರಿಂದ ಡಿಸೆಂಬರ್ 31ರವರೆಗೆ ಕ್ಷಮಾದಾನ ಅವಧಿಗಳನ್ನು ಘೋಷಿಸಿ ದಂಡವಿಲ್ಲದೆ ಮರಳಲು ಅವಕಾಶ ನೀಡಿತ್ತು. ಇವುಗಳ ನಡುವೆ ಹಲವು ವರ್ಷಗಳ ಅಂತರವಿರುವುದನ್ನು ಗಮನಿಸಬಹುದು. ಮುಂದೆ ಕ್ಷಮಾದಾನ ಬರುತ್ತದೆ ಎಂಬ ಭರವಸೆಯಿಂದ ಅವಧಿ ಮೀರಿ ಉಳಿಯುವುದು ಅತ್ಯಂತ ಅಪಾಯಕರ.

8. ಸಂದರ್ಶನ ವೀಸಾದಲ್ಲಿ ಉದ್ಯೋಗ ಮಾಡುವುದು ಅಪರಾಧ

ಈ ಪುಟದ ಅತಿ ಮುಖ್ಯ ಅಂಶ ಇದಾಗಿರುತ್ತದೆ. "ಈಗ ವಿಸಿಟ್‌ನಲ್ಲಿ ಹೋಗು, ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ವೀಸಾ ಬದಲಾಯಿಸಿಕೊಡುತ್ತಾರೆ" ಎಂದು ಮಧ್ಯವರ್ತಿಗಳು ಹೇಳುವುದುಂಟು. ಇದರ ಪರಿಣಾಮಗಳನ್ನು ಅರ್ಜಿದಾರರೂ ಅವರ ಮನೆಯವರೂ ಸ್ಪಷ್ಟವಾಗಿ ತಿಳಿದಿರಬೇಕು.

ಮೊದಲನೆಯದಾಗಿ, ಉದ್ಯೋಗ ಪರವಾನಗಿ ಇಲ್ಲದೆ ಒಂದು ದಿನ ದುಡಿದರೂ ಅಲ್ಲಿನ ಕಾನೂನಿನ ಉಲ್ಲಂಘನೆಯಾಗುತ್ತದೆ. ಪರವಾನಗಿ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಉದ್ಯೋಗದಾತರಿಗೆ 2024ರ ತಿದ್ದುಪಡಿಯಂತೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ ವಿಧಿಸಬಹುದಾಗಿದೆ. ಸಿಕ್ಕಿಬಿದ್ದ ಕಾರ್ಮಿಕನು ಬಂಧನ ಮತ್ತು ಗಡೀಪಾರಿಗೆ ಗುರಿಯಾಗಬಹುದು.

ಎರಡನೆಯದಾಗಿ, ನೋಂದಾಯಿತ ಕರಾರು ಇಲ್ಲದವರು ವೇತನ ಬಾಕಿಗಾಗಿ ದೂರು ನೀಡುವುದು ಕಷ್ಟ. ಎರಡು ತಿಂಗಳು ದುಡಿಸಿಕೊಂಡು "ನಿನ್ನ ವೀಸಾ ಆಗಲಿಲ್ಲ" ಎಂದು ಹೊರಹಾಕಿದರೆ, ದೂರು ನೀಡಲು ಹೋದ ವ್ಯಕ್ತಿಯೇ ಮೊದಲು ತಪ್ಪಿತಸ್ಥನಾಗಿ ನಿಲ್ಲಬೇಕಾಗುತ್ತದೆ.

ಮೂರನೆಯದಾಗಿ, ಸಂದರ್ಶಕರಾಗಿ ಹೋದವರ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ದಾಖಲೆಯಲ್ಲಿ ಇರುವುದಿಲ್ಲ. ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ರಕ್ಷಣೆ ಇರುವುದಿಲ್ಲ. ಕೆಲಸದ ಸ್ಥಳದಲ್ಲಿ ಅಪಘಾತವಾದಲ್ಲಿ, ಮರಣ ಸಂಭವಿಸಿದಲ್ಲಿ, ಕುಟುಂಬಕ್ಕೆ ಪರಿಹಾರ ದೊರಕಿಸಲು ಆಧಾರವೇ ಇಲ್ಲದಂತಾಗುತ್ತದೆ. ಸಾಲ ಮಾಡಿ, ಮನೆಯ ಚಿನ್ನ ಅಡವಿಟ್ಟು ಕಳುಹಿಸಿದ ಕುಟುಂಬವು ದುಡಿಯುವ ವ್ಯಕ್ತಿಯನ್ನೂ ಸಾಲದ ಹಣವನ್ನೂ ಏಕಕಾಲದಲ್ಲಿ ಕಳೆದುಕೊಳ್ಳುವ ಸ್ಥಿತಿ ಬರಬಾರದು ಎಂಬ ಕಾರಣದಿಂದಲೇ ಉದ್ಯೋಗಕ್ಕೆ ಹೋಗುವವರಿಗೆ ಪ್ರತ್ಯೇಕ ಕ್ರಮವನ್ನು ನಿಗದಿಪಡಿಸಲಾಗಿದೆ. ಅದನ್ನು ಮುಂದೆ ವಿವರಿಸಲಾಗಿದೆ.

9. ಉದ್ಯೋಗಕ್ಕೆ ತೆರಳುವವರು ಅನುಸರಿಸಬೇಕಾದ ಕ್ರಮ

ಯು.ಎ.ಇ. ಕಡೆಯಿಂದ: ಉದ್ಯೋಗದಾತರು ಮೊದಲು ಉದ್ಯೋಗ ಪ್ರಸ್ತಾವ ಪತ್ರವನ್ನು ನೀಡುತ್ತಾರೆ. 2016ರಿಂದ ಜಾರಿಯಲ್ಲಿರುವ ನಿಯಮದಂತೆ, ಪ್ರಸ್ತಾವ ಪತ್ರದಲ್ಲಿ ತಿಳಿಸಿದ ವೇತನ ಮತ್ತು ಷರತ್ತುಗಳೇ ನಂತರದ ಕರಾರಿನಲ್ಲಿಯೂ ಇರತಕ್ಕದ್ದು. ಈ ಪತ್ರವು ಅರಬ್ಬಿ ಮತ್ತು ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳು, ಉರ್ದು ಮುಂತಾದ ಭಾಷೆಗಳಲ್ಲಿ ದೊರೆಯುತ್ತದೆ. ತಮಗೆ ಓದಲು ಬರುವ ಭಾಷೆಯ ಪ್ರತಿಯನ್ನು ಕೇಳಿ ಪಡೆದು, ತಿಳಿದವರಿಂದ ಓದಿಸಿ, ಅರ್ಥವಾದ ನಂತರವೇ ಸಹಿ ಮಾಡಬೇಕು. ಪ್ರವೇಶ ಪರವಾನಗಿಯಲ್ಲಿ ಅಲ್ಲಿಗೆ ತಲುಪಿದ ಬಳಿಕ ವೈದ್ಯಕೀಯ ತಪಾಸಣೆ, ಬೆರಳಚ್ಚು ಮತ್ತು ಎಮಿರೇಟ್ಸ್ ಗುರುತಿನ ಚೀಟಿಯ ಪ್ರಕ್ರಿಯೆಗಳು ನಡೆಯುತ್ತವೆ. ಕ್ಷಯ ಮುಂತಾದ ನಿರ್ದಿಷ್ಟ ಸಾಂಕ್ರಾಮಿಕ ರೋಗಗಳು ಪತ್ತೆಯಾದಲ್ಲಿ ವಾಸ್ತವ್ಯ ವೀಸಾಕ್ಕೆ ತೊಡಕಾಗುವುದರಿಂದ ಊರಿನಲ್ಲಿಯೇ ಮುಂಚಿತವಾಗಿ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಅಲ್ಲಿನ ಕಾರ್ಮಿಕ ಕಾನೂನಿನಂತೆ, ನೇಮಕಾತಿಯ ವೆಚ್ಚವನ್ನು ಉದ್ಯೋಗದಾತರೇ ಭರಿಸತಕ್ಕದ್ದು. ಕಾರ್ಮಿಕರ ಪಾಸ್‌ಪೋರ್ಟನ್ನು ಉದ್ಯೋಗದಾತರು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ.

ಭಾರತದ ಕಡೆಯಿಂದ: 1983ರ ವಲಸೆ ಕಾಯ್ದೆಯಂತೆ, "ಇ.ಸಿ.ಆರ್." ವರ್ಗದ ಪಾಸ್‌ಪೋರ್ಟ್ ಹೊಂದಿರುವವರು ಯು.ಎ.ಇ. ಸೇರಿದಂತೆ 18 ಅಧಿಸೂಚಿತ ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯಿಂದ ವಲಸೆ ಅನುಮತಿ ಪಡೆಯತಕ್ಕದ್ದು. ಸಾಮಾನ್ಯವಾಗಿ ಹತ್ತನೆಯ ತರಗತಿ ತೇರ್ಗಡೆಯಾಗದವರು ಈ ವರ್ಗಕ್ಕೆ ಸೇರುತ್ತಾರೆ. ಹತ್ತನೆಯ ತರಗತಿ ಅಥವಾ ಅದಕ್ಕಿಂತ ಹೆಚ್ಚಿನ ವಿದ್ಯಾರ್ಹತೆ ಹೊಂದಿರುವವರು, ಆದಾಯ ತೆರಿಗೆ ಪಾವತಿದಾರರು, 50 ವರ್ಷ ಮೀರಿದವರು, ಮೂರು ವರ್ಷಗಳಿಗಿಂತ ಹೆಚ್ಚು ಕಾಲ ವಿದೇಶದಲ್ಲಿ ವಾಸಿಸಿದವರು ಮುಂತಾದವರಿಗೆ ವಿನಾಯಿತಿ ಇರುತ್ತದೆ. ವಿನಾಯಿತಿಗೆ ಅರ್ಹರಾಗಿದ್ದೂ ಹಳೆಯ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂದು ಮುದ್ರಿತವಾಗಿದ್ದಲ್ಲಿ, ಅಂಕಪಟ್ಟಿಯೊಡನೆ ಮರುವಿತರಣೆಗೆ ಅರ್ಜಿ ಸಲ್ಲಿಸಿ ಅದನ್ನು ತೆಗೆಸಿಕೊಳ್ಳಬಹುದು.

ವಲಸೆ ಅನುಮತಿಗೆ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಬೇಕು. ಕರ್ನಾಟಕದವರಿಗಾಗಿ ಬೆಂಗಳೂರಿನಲ್ಲಿ ವಲಸೆ ಸಂರಕ್ಷಣಾಧಿಕಾರಿಗಳ ಕಚೇರಿ ಕಾರ್ಯನಿರ್ವಹಿಸುತ್ತದೆ. ಸಾಮಾನ್ಯ ಸೇವಾ ಕೇಂದ್ರಗಳ ನೆರವನ್ನೂ ಪಡೆಯಬಹುದು. ಅಭ್ಯರ್ಥಿಗೆ ನಿಗದಿಪಡಿಸಿದ ಶುಲ್ಕ ರೂ. 200 ಮಾತ್ರ. ಇದರೊಡನೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯು ಕಡ್ಡಾಯ. ಎರಡು ವರ್ಷಗಳ ಅವಧಿಗೆ ರೂ. 275 ಮತ್ತು ಮೂರು ವರ್ಷಗಳ ಅವಧಿಗೆ ರೂ. 375 ಕಂತು ಪಾವತಿಸಿದಲ್ಲಿ, ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದಾಗ ರೂ. 10 ಲಕ್ಷದವರೆಗೆ ವಿಮಾ ರಕ್ಷಣೆ ಇರುತ್ತದೆ. ತೆರಳುವ ಮುನ್ನ ಉಚಿತವಾಗಿ ಒಂದು ದಿನದ ಮಾರ್ಗದರ್ಶನ ತರಬೇತಿಯನ್ನೂ ನೀಡಲಾಗುತ್ತದೆ.

ಇ.ಸಿ.ಆರ್. ವರ್ಗದ ಮಹಿಳೆಯರು ಮನೆಕೆಲಸ ಮುಂತಾದ ಉದ್ಯೋಗಗಳಿಗೆ ತೆರಳಲು ಕನಿಷ್ಠ 30 ವರ್ಷ ವಯಸ್ಸಾಗಿರತಕ್ಕದ್ದು. ಇವರ ನೇಮಕಾತಿಯು ಅಧಿಕೃತ ಸರ್ಕಾರಿ ನೇಮಕಾತಿ ಸಂಸ್ಥೆಗಳ ಮೂಲಕವೇ ನಡೆಯಬೇಕು.

ವೃತ್ತಿಪರ ಹುದ್ದೆಗಳಿಗೆ ತೆರಳುವವರ ವಿದ್ಯಾರ್ಹತೆಯ ಪ್ರಮಾಣಪತ್ರಗಳನ್ನು ಮೊದಲು ರಾಜ್ಯ ಸರ್ಕಾರದ ಸಂಬಂಧಪಟ್ಟ ಪ್ರಾಧಿಕಾರ, ನಂತರ ಭಾರತದ ವಿದೇಶಾಂಗ ಸಚಿವಾಲಯ, ಆ ಬಳಿಕ ಯು.ಎ.ಇ. ರಾಯಭಾರ ಕಚೇರಿ ದೃಢೀಕರಿಸಬೇಕಾಗುತ್ತದೆ. ಇದಕ್ಕೆ ಕೆಲವು ವಾರಗಳು ಬೇಕಾಗುವುದರಿಂದ ಮುಂಚಿತವಾಗಿ ಆರಂಭಿಸತಕ್ಕದ್ದು.

10. ನೇಮಕಾತಿ ಏಜೆಂಟರ ಬಗ್ಗೆ ಎಚ್ಚರಿಕೆ

ಭಾರತ ಸರ್ಕಾರದ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿಯಾಗದ ಯಾವುದೇ ವ್ಯಕ್ತಿ ಅಥವಾ ಸಂಸ್ಥೆಯು ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಿಸುವಂತಿಲ್ಲ. ನೋಂದಾಯಿತ ಏಜೆಂಟರ ಪಟ್ಟಿಯು ಇ-ಮೈಗ್ರೇಟ್ ಜಾಲತಾಣದಲ್ಲಿ ಲಭ್ಯವಿದೆ. ಉಪ ಏಜೆಂಟರಿಗೆ ಕಾನೂನಿನಲ್ಲಿ ಮಾನ್ಯತೆ ಇಲ್ಲ. "ನಾನು ಮುಂಬಯಿಯ ದೊಡ್ಡ ಕಂಪೆನಿಯವರ ಪರವಾಗಿ ಜನ ತೆಗೆದುಕೊಳ್ಳುತ್ತೇನೆ" ಎಂದು ಪೇಟೆಯಲ್ಲಿ ಅಥವಾ ಮೊಬೈಲ್ ಸಂದೇಶದಲ್ಲಿ ಹೇಳಿಕೊಳ್ಳುವವರು ಊರಿನ ಪರಿಚಿತರೇ ಆಗಿದ್ದರೂ ಅವರಲ್ಲಿ ನೋಂದಣಿ ಸಂಖ್ಯೆಯನ್ನು ಕೇಳಲು ಸಂಕೋಚಪಡಬಾರದು.

ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ ರೂ. 30,000 ಮತ್ತು ಅದರ ಮೇಲಿನ ಶೇ. 18ರ ಸರಕು ಮತ್ತು ಸೇವಾ ತೆರಿಗೆ, ಅಂದರೆ ಒಟ್ಟು ರೂ. 35,400. ಇದಕ್ಕಿಂತ ಹೆಚ್ಚು ಹಣ ಕೇಳುವುದು ನಿಯಮಬಾಹಿರ. ಹಣವನ್ನು ಬ್ಯಾಂಕ್ ಮೂಲಕವೇ ಪಾವತಿಸಿ ರಶೀದಿ ಪಡೆಯತಕ್ಕದ್ದು. ವಂಚನೆಗೆ ಒಳಗಾದವರು ತಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ಹಾಗೂ ವಲಸೆ ಸಂರಕ್ಷಣಾಧಿಕಾರಿಯವರಲ್ಲಿ ದೂರು ನೀಡಬಹುದು. ನೋಂದಣಿ ಇಲ್ಲದೆ ನೇಮಕಾತಿ ನಡೆಸುವುದು ಕಾರಾಗೃಹ ವಾಸದ ಶಿಕ್ಷೆಗೆ ಗುರಿಯಾಗುವ ಅಪರಾಧವಾಗಿರುತ್ತದೆ.

11. ವೀಸಾ ಅಸಲಿಯೇ ಎಂದು ಪರಿಶೀಲಿಸುವುದು

ಈಗ ವೀಸಾವನ್ನು ಪಾಸ್‌ಪೋರ್ಟಿಗೆ ಅಂಟಿಸುವ ಬದಲು ವಿದ್ಯುನ್ಮಾನ ರೂಪದಲ್ಲಿ ನೀಡಲಾಗುತ್ತದೆ. ಕಾಗದದಲ್ಲಿ ಮುದ್ರಿಸಿ ಕೊಟ್ಟದ್ದನ್ನು ಕಣ್ಣಿನಿಂದ ನೋಡಿ ಅಸಲಿ ನಕಲಿ ತಿಳಿಯಲಾಗದು. ವೀಸಾದಲ್ಲಿರುವ ಕಡತ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ ಮತ್ತು ಜನ್ಮ ದಿನಾಂಕಗಳನ್ನು ಸಂಬಂಧಿಸಿದ ಯು.ಎ.ಇ. ಪ್ರಾಧಿಕಾರದ ಜಾಲತಾಣದಲ್ಲಿ ನಮೂದಿಸಿ ಪರಿಶೀಲಿಸತಕ್ಕದ್ದು. ಆ ಸಂದರ್ಭದಲ್ಲಿ ವೀಸಾದ ವಿಧ, ಹುದ್ದೆಯ ಹೆಸರು ಮತ್ತು ಪ್ರಾಯೋಜಕರ ಹೆಸರು ತಮಗೆ ತಿಳಿಸಿದಂತೆಯೇ ಇವೆಯೇ ಎಂದು ಹೋಲಿಸಿ ನೋಡಬೇಕು. ಉದ್ಯೋಗ ವೀಸಾ ಎಂದು ಹೇಳಿ ಪ್ರವಾಸಿ ವೀಸಾ ಕೊಟ್ಟಿರುವುದು ಈ ಹಂತದಲ್ಲಿ ತಿಳಿದರೆ ನಷ್ಟವನ್ನು ತಡೆಯಬಹುದು. ವಿಮಾನ ನಿಲ್ದಾಣದಲ್ಲಿ ತಿಳಿದರೆ ತಡವಾಗಿರುತ್ತದೆ.

12. ಕೊಂಡೊಯ್ಯಬಾರದ ವಸ್ತುಗಳು

ಊರಿನಿಂದ ಹೊರಡುವವರ ಕೈಯಲ್ಲಿ ನೆರೆಹೊರೆಯವರು ಅಲ್ಲಿರುವ ತಮ್ಮ ಮಕ್ಕಳಿಗೆಂದು ಪೊಟ್ಟಣಗಳನ್ನು ಕೊಡುವುದು ವಾಡಿಕೆ. ಆದರೆ ಈ ಕೆಳಗಿನವುಗಳನ್ನು ಯಾವ ಕಾರಣಕ್ಕೂ ಒಯ್ಯಬಾರದು:

1) ಗಸಗಸೆ. ನಮ್ಮಲ್ಲಿ ಇದು ಪಾಯಸ ಮತ್ತು ಮಸಾಲೆಯ ಪದಾರ್ಥ. ಯು.ಎ.ಇ.ಯಲ್ಲಿ ಇದನ್ನು ಮಾದಕ ದ್ರವ್ಯ ಕಾನೂನಿನಡಿ ನಿಷೇಧಿಸಲಾಗಿದೆ. ಗಸಗಸೆ ಬೆರೆಸಿದ ಮಸಾಲೆ ಪುಡಿಯೂ ಅಪಾಯಕರ.
2) ವೀಳ್ಯದೆಲೆ, ಪಾನ್ ಪದಾರ್ಥಗಳು.
3) ಕೊಡೀನ್, ಟ್ರಮಡಾಲ್ ಮುಂತಾದ ಅಂಶಗಳಿರುವ ಕೆಮ್ಮು, ನೋವು ನಿವಾರಕ ಔಷಧಗಳು ಹಾಗೂ ನಿದ್ರೆ ಮಾತ್ರೆಗಳು. ಅನಿವಾರ್ಯವಾದಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯದ ಪೂರ್ವಾನುಮತಿ ಪಡೆಯತಕ್ಕದ್ದು.

ರಕ್ತದೊತ್ತಡ, ಮಧುಮೇಹ ಮುಂತಾದವುಗಳ ಸಾಮಾನ್ಯ ಔಷಧಗಳನ್ನು ವೈದ್ಯರ ಚೀಟಿಯೊಡನೆ, ಮೂಲ ಪೊಟ್ಟಣದಲ್ಲಿಯೇ ಒಯ್ಯಬೇಕು. ಇತರರು ಕೊಟ್ಟ ಪೊಟ್ಟಣವನ್ನು ತಾವೇ ಬಿಚ್ಚಿ ನೋಡದೆ ಸ್ವೀಕರಿಸಬಾರದು. ಪೆಟ್ಟಿಗೆಯಲ್ಲಿ ಸಿಕ್ಕ ವಸ್ತುವಿಗೆ ಅದನ್ನು ಒಯ್ದವರೇ ಹೊಣೆಯಾಗುತ್ತಾರೆ.

13. ಅಲ್ಲಿ ತೊಂದರೆಯಾದಲ್ಲಿ ಸಂಪರ್ಕಿಸಬೇಕಾದ ಕಚೇರಿಗಳು

ಅಬುಧಾಬಿಯಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯನ್ನೂ, ದುಬೈ, ಶಾರ್ಜಾ ಹಾಗೂ ಇತರ ಎಮಿರೇಟ್‌ಗಳಲ್ಲಿರುವವರು ದುಬೈನ ಭಾರತೀಯ ಕಾನ್ಸುಲೇಟ್ ಜನರಲ್ ಕಚೇರಿಯನ್ನೂ ಸಂಪರ್ಕಿಸತಕ್ಕದ್ದು. ಯು.ಎ.ಇ.ಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ ಸಂಖ್ಯೆ 800 46342. ಭಾರತದಲ್ಲಿರುವ ಕುಟುಂಬದವರು 1800 11 3090 ಉಚಿತ ಸಂಖ್ಯೆಗೆ ಕರೆ ಮಾಡಬಹುದು. 2015ರಲ್ಲಿ ಆರಂಭವಾದ "ಮದದ್" ಜಾಲತಾಣದಲ್ಲಿ ದೂರು ದಾಖಲಿಸಿ ಅದರ ಪ್ರಗತಿಯನ್ನು ತಿಳಿಯಲು ಅವಕಾಶವಿದೆ. ಸಂಕಷ್ಟಕ್ಕೆ ಸಿಲುಕಿದ ಬಡ ಭಾರತೀಯರ ಆಶ್ರಯ, ಚಿಕಿತ್ಸೆ, ವಾಪಸು ಪ್ರಯಾಣ ಹಾಗೂ ಮೃತದೇಹವನ್ನು ಊರಿಗೆ ತರಿಸುವ ವೆಚ್ಚಗಳಿಗೆ 2009ರಲ್ಲಿ ಸ್ಥಾಪಿಸಲಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಅರ್ಹತೆಗೆ ಅನುಗುಣವಾಗಿ ನೆರವು ದೊರೆಯುತ್ತದೆ. ಕರ್ನಾಟಕ ಸರ್ಕಾರದ ಅನಿವಾಸಿ ಭಾರತೀಯ ಸಮಿತಿಯನ್ನೂ ಸಂಪರ್ಕಿಸಬಹುದು.

14. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಪಾಸ್‌ಪೋರ್ಟ್ ಇ.ಸಿ.ಆರ್. ವರ್ಗದ್ದು. ಮಗನನ್ನು ನೋಡಲು ಸಂದರ್ಶನ ವೀಸಾದಲ್ಲಿ ಹೋಗಬಹುದೇ?
ಉತ್ತರ: ಹೋಗಬಹುದು. ವಲಸೆ ಅನುಮತಿಯು ಉದ್ಯೋಗಕ್ಕೆ ಹೋಗುವವರಿಗೆ ಮಾತ್ರ ಅಗತ್ಯ. ಆದರೆ ವಾಪಸು ಟಿಕೆಟ್, ಮಗನ ವಿಳಾಸ ಮತ್ತು ದೂರವಾಣಿ ಸಂಖ್ಯೆ ಕೈಯಲ್ಲಿರಬೇಕು.

ಪ್ರಶ್ನೆ: ಸಂದರ್ಶನಕ್ಕೆ ಹೋದಾಗ ಕಾನೂನುಬದ್ಧವಾಗಿ ಕೆಲಸ ದೊರೆತರೆ ಏನು ಮಾಡಬೇಕು?
ಉತ್ತರ: ಉದ್ಯೋಗದಾತರು ಉದ್ಯೋಗ ಪರವಾನಗಿ ಪಡೆಯುವವರೆಗೆ ಒಂದು ದಿನವೂ ಕೆಲಸಕ್ಕೆ ಹಾಜರಾಗಬಾರದು. ಇ.ಸಿ.ಆರ್. ವರ್ಗದವರು ಊರಿಗೆ ಮರಳಿ, ವಲಸೆ ಅನುಮತಿ ಮತ್ತು ವಿಮೆ ಪಡೆದು ಉದ್ಯೋಗ ವೀಸಾದಲ್ಲಿ ತೆರಳುವುದೇ ಸುರಕ್ಷಿತ ಮಾರ್ಗ.

ಪ್ರಶ್ನೆ: ನಾನು ಹತ್ತನೆಯ ತರಗತಿ ತೇರ್ಗಡೆಯಾಗಿದ್ದೇನೆ. ಇ-ಮೈಗ್ರೇಟ್ ನನಗೆ ಅನ್ವಯವಾಗುತ್ತದೆಯೇ?
ಉತ್ತರ: ವಲಸೆ ಅನುಮತಿ ಕಡ್ಡಾಯವಲ್ಲ. ಆದರೆ ಸ್ವಇಚ್ಛೆಯಿಂದ ನೋಂದಾಯಿಸಿಕೊಂಡಲ್ಲಿ, ಸಂಕಷ್ಟದ ಸಮಯದಲ್ಲಿ ತಮ್ಮನ್ನು ಗುರುತಿಸಿ ನೆರವು ನೀಡಲು ಅನುಕೂಲವಾಗುತ್ತದೆ.

ಪ್ರಶ್ನೆ: ಏಜೆಂಟರು ನನ್ನ ಅಸಲು ಪಾಸ್‌ಪೋರ್ಟ್ ಕೇಳುತ್ತಿದ್ದಾರೆ. ಕೊಡಬಹುದೇ?
ಉತ್ತರ: ಯು.ಎ.ಇ. ಸಂದರ್ಶನ ವೀಸಾ ಅರ್ಜಿಗೆ ಪಾಸ್‌ಪೋರ್ಟಿನ ಪ್ರತಿ ಸಾಕಾಗುತ್ತದೆ. ಅಸಲು ಪಾಸ್‌ಪೋರ್ಟನ್ನು ಒತ್ತೆಯಾಗಿ ಯಾರಿಗೂ ನೀಡಬಾರದು.

15. ಹೊರಡುವ ಮುನ್ನ

ಪಾಸ್‌ಪೋರ್ಟ್, ವೀಸಾ, ಕರಾರು ಪತ್ರ, ವಿಮೆ ಮತ್ತು ಟಿಕೆಟಿನ ಒಂದೊಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗತಕ್ಕದ್ದು. ಉದ್ಯೋಗದಾತರ ಹೆಸರು, ವಾಸದ ವಿಳಾಸ ಮತ್ತು ಅಲ್ಲಿರುವ ಒಬ್ಬ ಪರಿಚಿತರ ದೂರವಾಣಿ ಸಂಖ್ಯೆಯನ್ನು ಮನೆಯವರಿಗೆ ಬರೆದುಕೊಡಬೇಕು. ಹೋದವರಿಂದ ಕರೆ ಬಾರದೆ ಮನೆಯವರು ನೆರವು ಕೋರಿ ಬಂದಾಗ, ಅಧಿಕಾರಿಗಳು ಮೊದಲು ಕೇಳುವುದು ಈ ವಿವರಗಳನ್ನೇ. ಅವು ಇದ್ದಲ್ಲಿ ವಿಚಾರಣೆಯನ್ನು ಕೂಡಲೇ ಆರಂಭಿಸಬಹುದು, ಇಲ್ಲದಿದ್ದಲ್ಲಿ ವ್ಯಕ್ತಿ ಯಾವ ಎಮಿರೇಟ್‌ನಲ್ಲಿದ್ದಾರೆ ಎಂದು ತಿಳಿಯಲಿಕ್ಕೇ ದಿನಗಳು ಕಳೆಯುತ್ತವೆ.

ಸೂಚನೆ: ವೀಸಾ ಶುಲ್ಕ, ಅವಧಿ ಹಾಗೂ ಷರತ್ತುಗಳನ್ನು ಯು.ಎ.ಇ. ಸರ್ಕಾರವು ಕಾಲಕಾಲಕ್ಕೆ ಪರಿಷ್ಕರಿಸುತ್ತಿರುತ್ತದೆ. ಪ್ರಯಾಣದ ದಿನಾಂಕ ನಿಗದಿಪಡಿಸುವ ಮೊದಲು ಸಂಬಂಧಿಸಿದ ಪ್ರಾಧಿಕಾರದ ಅಥವಾ ವಿಮಾನಯಾನ ಸಂಸ್ಥೆಯ ಇತ್ತೀಚಿನ ಸೂಚನೆಗಳನ್ನು ಖಚಿತಪಡಿಸಿಕೊಂಡು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.